ಜೀಪಿನಡಿಯ ಆಯುಧಪೂಜೆ

"ಇನ್ಮೇಲೆ ನಮ್ಮ ಜೀಪಿನ ಅಡಿಗೆ ನಾನಲ್ದೆ ಒಂದು ನರಪಿಳ್ಳೇನೂ ಹೋಗಕೂಡದು!" ಎಂದು ನರೇಂದ್ರ ಊಟದ ಮನೆಯಲ್ಲಿ ನಿಂತು ಘೋಷಿಸಿದಾಗ, ಅವನ ಹೆಂಡತಿ ಲತಾಮಣಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಮಂಚದ ಅಡಿಗೆ ಹೋದ ಚಪ್ಪಲಿ ತೆಗೆಯೋಕೇ ನನ್ನ ಕರೀತೀರಿ. ಜೀಪಿನ ಅಡಿಗೆ ಯಾರು ಹೋಗೋದು, ನಿಮ್ಮ ತಾತನಾ?"

"ಅದಕ್ಕೇ ಕ್ರೀಪರ್ ತರ್ತಿದ್ದೀನಿ!"

ಕ್ರೀಪರ್ ಎಂದರೆ ಬೇರೇನಲ್ಲ, ಮೆಕ್ಯಾನಿಕ್‌ಗಳು ಅಂಗಾತ ಮಲಗಿ ಗಾಡಿಯ ಅಡಿಗೆ ಜಾರಿಕೊಂಡು ಹೋಗುತ್ತಾರಲ್ಲ, ಆ ಚಕ್ರದ ಹಲಗೆ. ನರೇಂದ್ರ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕ. ಅಪ್ಪನ ಕಾಲದ ಅವನ ಜೀಪು ಕತ್ರಿಗುಪ್ಪೆಯ ಪ್ರತಿ ರಸ್ತೆ ಹಂಪಿನ ಮೇಲೂ ಅಡಿಯಿಂದ 'ಟಕ್' ಎನ್ನುತ್ತಿತ್ತು. ಗ್ಯಾರೇಜಿನ ಬಾಗಿಲಿಗೆ ಹೋದ ತಕ್ಷಣ ಆ ಸದ್ದು ಮಾಯ! ಕೊನೆಗೆ ಸ್ಟಾಫ್ ರೂಮಿನಲ್ಲಿ, ಅದೂ ಪ್ರಿನ್ಸಿಪಾಲ್ ಮಧುಮತಿ ಮೇಡಂ ಎದುರಿಗೆ, "ಇದೆಲ್ಲ ಬರೀ ಫಿಸಿಕ್ಸ್ ಮೇಡಂ, ನಾನೇ ರಿಪೇರಿ ಮಾಡ್ತೀನಿ" ಎಂದುಬಿಟ್ಟಿದ್ದ. ಮೇಡಂ ಕನ್ನಡಕದ ಮೇಲಿಂದ ಒಮ್ಮೆ ನೋಡಿದ್ದರು, ಅಷ್ಟೆ. ಆ ನೋಟಕ್ಕೆ ಹೆದರಿ ರಜೆಯ ಅರ್ಜಿಯನ್ನು ವಾಪಸ್ ಪಡೆದ ಇತಿಹಾಸ ನಮ್ಮ ನರೇಂದ್ರನದು. ಇನ್ನು ಹಿಂದೆ ಸರಿಯುವುದು ಹೇಗೆ?

ನಿಜ ಹೇಳಬೇಕೆಂದರೆ ಅವನಿಗೆ ಗಾಡಿಯ ಅಡಿಗೆ ಹೋಗಲು ಜೀವಭಯ. ಮಲಗಿದಾಗ ಮೂಗಿನ ಮೇಲೆ ಅಷ್ಟೊಂದು ಕಬ್ಬಿಣ ತೂಗುತ್ತಿರುತ್ತದೆ ಎಂದು ನೆನೆದರೇ ಅಂಗೈ ಬೆವರುತ್ತಿತ್ತು. ಆ ಭಯವನ್ನು ಯಾರಿಗೂ ಹೇಳದೆ ಅವನು ಜೆ.ಸಿ. ರಸ್ತೆಯ ಅಂಗಡಿಗೆ ಹೋದ.

ಅಂಗಡಿಯವನು ಎರಡು ಹಲಗೆ ಮುಂದಿಟ್ಟ. ಒಂದು ತೆಳ್ಳಗಿನ ಪ್ಲಾಸ್ಟಿಕ್‌ನದು. ನೆಲಕ್ಕೆ ಅಂಟಿಕೊಂಡಂತಿತ್ತು, ಮರದ ಮಣೆಯಷ್ಟೇ ಸುಖ. ಇನ್ನೊಂದು ಮಹಾರಾಜರ ಸವಾರಿಗೆ ತಕ್ಕದ್ದು! ದಪ್ಪ ಕುಶನ್, ತಲೆಗೆ ದಿಂಬು, ಎತ್ತ ಬೇಕಾದರೂ ತಿರುಗುವ ದೊಡ್ಡ ರಬ್ಬರ್ ಚಕ್ರಗಳು. ನರೇಂದ್ರ ಅಂಗಡಿಯ ನೆಲದಲ್ಲೇ ಅದರ ಮೇಲೆ ಮಲಗಿ ಕಾಲಿನಿಂದ ಸ್ವಲ್ಪ ಒದ್ದ. ಹಲಗೆ ಬೆಣ್ಣೆಯಂತೆ ಜಾರಿತು. ಬೆನ್ನಿಗೆ ಎಂಥ ಹಿತ! ಅಲ್ಲೇ ಕಣ್ಣು ಮುಚ್ಚಿಕೊಂಡ.

"ಸಾರ್, ನಿದ್ದೆ ಮಾಡ್ಬೇಡಿ, ಹಿಂದೆ ಗಿರಾಕಿಗಳಿದ್ದಾರೆ" ಎಂದ ಅಂಗಡಿಯವನು. "ಕುಶನ್ ಇರೋದು ಎತ್ತರ ಜಾಸ್ತಿ. ನಿಮ್ಮ ಗಾಡಿ ಅಡಿ ಜಾಗ ಇದೆ ತಾನೆ?"

"ನಮ್ದು ಜೀಪು ಕಣ್ರೀ! ಅದರಡಿ ಒಂದು ಸಂಸಾರ ಮಾಡ್ಬಹುದು!" ಎಂದು ಕುಶನ್ನಿನದನ್ನೇ ಕೊಂಡು ತಂದ.

ಬೆನ್ನಿನ ಬಗ್ಗೆ ಅಷ್ಟೆಲ್ಲ ಯೋಚಿಸಿದ ಮಹಾನುಭಾವ ಹೊಟ್ಟೆಯ ಬಗ್ಗೆ ಯೋಚಿಸಲೇ ಇಲ್ಲ. ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಅದೊಂದು ಇರುತ್ತದೆ ಎಂಬುದು ಭೌತಶಾಸ್ತ್ರದವನಿಗೇ ಮರೆತುಹೋಗಿತ್ತು.

ಆಯುಧಪೂಜೆಯ ಬೆಳಿಗ್ಗೆ ಅಮ್ಮ ಪಾರ್ವತಮ್ಮನ ಅಪ್ಪಣೆಯಾಯಿತು. "ಸ್ನಾನ ಮಾಡಿ ಪಂಚೆ ಉಟ್ಕೊ. ಹೋಗಿ ಒಂದು ಬೂದುಗುಂಬಳಕಾಯಿ ತಗೊಂಡ್ ಬಾ. ರಾಹುಕಾಲ ಬರೋಕ್ ಮುಂಚೆ ಜೀಪಿನ ಪೂಜೆ ಮುಗೀಬೇಕು. ಆಮೇಲೆ ಅಂಜನಾಪುರಕ್ಕೆ, ನಿನ್ನ ತಂಗಿ ಮನೆಗೆ."

ಅಂಜನಾಪುರದ ದಾರಿಯ ಹಂಪುಗಳೆಲ್ಲ ನರೇಂದ್ರನ ಕಣ್ಣ ಮುಂದೆ ಬಂದವು. ಆ 'ಟಕ್' ಏನೆಂದು ಒಂದು ಸಲ ನೋಡಿಬಿಡೋಣ, ಆಮೇಲೆ ಕುಂಬಳಕಾಯಿ ಎಂದುಕೊಂಡ. ಪೋರ್ಟಿಕೋದಲ್ಲಿ ಯಾರೂ ಇರಲಿಲ್ಲ. ಹಲಗೆಯ ಮೇಲೆ ಮಲಗಿ, ಕುಲದೇವರನ್ನು ನೆನೆದು, ಪಕ್ಕದಿಂದ ಒಳಗೆ ಜಾರಿದ.

ಮೊದಲು ಮೂಗಿಗೆ ಏನೋ ತಣ್ಣಗೆ ತಗುಲಿತು, ಕಬ್ಬಿಣ. ಹೊಟ್ಟೆಗೂ ತಗುಲಿತು, ಅದೂ ಕಬ್ಬಿಣ. ಕೆಳಗೆ ಕುಶನ್, ಮೇಲೆ ಜೀಪು, ನಡುವೆ ನರೇಂದ್ರ! ಟಕ್ಕೂ ಬೇಡ, ಗಿಕ್ಕೂ ಬೇಡ ಎಂದು ಕಾಲೊತ್ತಿ ಹೊರಗೆ ಜಾರಲು ನೋಡಿದ. ಚಕ್ರ ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಪಂಚೆಯ ತುದಿ ಚಕ್ರಕ್ಕೆ ಸುತ್ತಿಕೊಂಡಿತ್ತು! ಇನ್ನೊಮ್ಮೆ ಒದ್ದ. ಪಂಚೆ ಸೊಂಟದಿಂದ ಇನ್ನಷ್ಟು ಜಾರಿತು. ಒಳಗಿದ್ದದ್ದು ಮನೆಯಲ್ಲಿ ಮಾತ್ರ ಹಾಕುವ, ಹಿಂಭಾಗದಲ್ಲಿ ತೇಪೆ ಇದ್ದ ಪಟ್ಟಾಪಟ್ಟಿ ಚಡ್ಡಿ.

"ಲತಾ" ಎಂದು ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಹೆಜ್ಜೆಯ ಸದ್ದು, ಅದರ ಹಿಂದೆಯೇ ಒಂದು ಧ್ವನಿ. "ಏನ್ ಲತಾಮಣಿ, ಜೀಪಿಗೆ ಚೆಂಡುಹೂವಿನ ಅಲಂಕಾರ ಸಖತ್ತಾಗಿದೆಯಲ್ಲ!"

ಮಧುಮತಿ ಮೇಡಂ! ಅವರೂ ಲತಾಮಣಿಯೂ ಒಂದೇ ಭಜನಾಮಂಡಳಿ. ಅರಿಶಿನ ಕುಂಕುಮಕ್ಕೆ ಬಂದಿರಬೇಕು. ಕತ್ತು ಹೊರಳಿಸಿ ನೋಡಿದ. ಅಮ್ಮನ ಒಡೆದ ಹಿಮ್ಮಡಿ ಕಂಡಿತು, ಲತಾಮಣಿಯ ಕಾಲುಂಗುರ ಕಂಡಿತು. ಮೇಡಂ ಪಾದ ಕಾಣಲಿಲ್ಲ. ಟೈರಿನ ಆಚೆ ನಿಂತಿದ್ದಾರೆ, ಸಂಶಯವೇ ಇಲ್ಲ! ನರೇಂದ್ರ ಬಾಯಿ ಮುಚ್ಚಿಕೊಂಡ. ಈ ಚಡ್ಡಿಯಲ್ಲಿ ಅವರ ಮುಂದೆ ಹೊರಬಂದವನು ರಜೆ ಮುಗಿದಮೇಲೆ ಯಾವ ಮುಖ ಇಟ್ಟುಕೊಂಡು ಹಾಜರಿ ಹಾಕುವುದು?

"ಸಾರ್ ಎಲ್ಲಿ, ಕಾಣ್ತಿಲ್ಲ?" ಎಂದರು ಮೇಡಂ.

"ಕುಂಬಳಕಾಯಿ ತರೋಕೆ ಹೋದೋರು ಇನ್ನೂ ಬಂದಿಲ್ಲ ಮೇಡಂ. ಕುಂಬಳಕಾಯಿ ಬಳ್ಳಿ ನೆಟ್ಟು, ಕಾಯಿ ಬಿಟ್ಮೇಲೆ ತರ್ತಾರೋ ಏನೋ!"

ಎಲ್ಲರೂ ನಕ್ಕರು. ಜೀಪಿನಡಿ ಒಬ್ಬ ಮಾತ್ರ ನಗಲಿಲ್ಲ.

ಪೂಜೆಯ ಗಂಟೆ ಮೊಳಗಿತು. ಊದುಬತ್ತಿಯ ಹೊಗೆ ಅಡಿಗೂ ಬಂತು. ಸೀನು ಬಂದರೆ ಕಥೆ ಮುಗಿಯಿತೆಂದು ಮೂಗು ಹಿಡಿದುಕೊಂಡ. ಲತಾಮಣಿಯ ಕೈ ಬಗ್ಗಿ ಬಂದು ಒಂದೊಂದೇ ಟೈರಿನ ಮುಂದೆ ನಿಂಬೆಹಣ್ಣು ಇಟ್ಟುಹೋಯಿತು. ಅವಳು ಇಣುಕಲಿಲ್ಲ. ಜೀಪಿನಡಿ ಗಂಡ ಇದ್ದಾನೆಯೇ ಎಂದು ಯಾವ ಹೆಂಡತಿ ತಾನೇ ಇಣುಕುತ್ತಾಳೆ?

ನಿಂಬೆಹಣ್ಣು ಕಂಡಮೇಲೆ ನರೇಂದ್ರನಿಗೆ ಹೊಳೆಯಿತು. ಪೂಜೆಯಾದ ಗಾಡಿ ಆ ಹಣ್ಣುಗಳನ್ನು ತುಳಿದುಕೊಂಡು ಮುಂದೆ ಹೋಗಬೇಕು. ಅಂದರೆ ಯಾರೋ ಒಬ್ಬರು ಗಾಡಿ ಓಡಿಸಬೇಕು!

"ರಾಹುಕಾಲ ಬಂದ್ಬಿಡುತ್ತೆ ಕಣಮ್ಮ, ಇವನನ್ನ ಕಾಯ್ತಾ ಕೂತ್ರೆ ಆಗಲ್ಲ" ಎಂದರು ಪಾರ್ವತಮ್ಮ. "ನಿಂಗೆ ಬರುತ್ತಲ್ಲ, ನೀನೇ ಮುಂದಕ್ಕೆ ತಗೊ."

"ಸರಿ ಅತ್ತೆ."

ಬಾಗಿಲು ತೆರೆದ ಸದ್ದು. ಲತಾಮಣಿ ಕುಳಿತ ಭಾರಕ್ಕೆ ಜೀಪು ಒಂದು ಚೂರು ತಗ್ಗಿತು, ಮೂಗು ಇನ್ನೊಂದು ಚೂರು ಚಪ್ಪಟೆಯಾಯಿತು. ಮಾನ ಒಂದು ಕಡೆ, ಪ್ರಾಣ ಒಂದು ಕಡೆ. ನಂಬುತ್ತೀರೋ ಇಲ್ಲವೋ, ಆ ಪುಣ್ಯಾತ್ಮ ಆಗಲೂ ಯೋಚಿಸುತ್ತಿದ್ದ! ಜೀಪು ನೇರವಾಗಿ ಹೋದರೆ ಟೈರುಗಳು ಆಚೆ ಈಚೆ ಹೋಗುತ್ತವೆ, ಆದರೆ ಹಿಂದಿನ ಎರಡು ಚಕ್ರ ಕೂಡಿಸುವ ಆಕ್ಸಲ್ಲಿನ ನಡುವಿನ ಆ ಕಬ್ಬಿಣದ ಉಂಡೆ ಹೊಟ್ಟೆಯ ಮೇಲೆಯೇ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದ.

'ಕೊರ್ರ್ರ್' ಎಂದಿತು ಸ್ಟಾರ್ಟರ್, ಕಿವಿಯಲ್ಲೇ. ಇಂಜಿನ್ ಹತ್ತಲಿಲ್ಲ. ಇಡೀ ಕಬ್ಬಿಣ ಎದೆಯ ಮೇಲೆ ನಡುಗಿತು. ಆ ಕ್ಷಣ ನರೇಂದ್ರನಿಗೆ ಪ್ರಿನ್ಸಿಪಾಲರೂ ಬೇಡವಾದರು, ಮಾನವೂ ಬೇಡವಾಯಿತು. ಬದುಕಬೇಕು ಎಂಬುದೊಂದೇ ಉಳಿಯಿತು. "ಲತಾ! ನಾನಿದ್ದೀನಿ ಕಣೇ! ಸಾಯಿಸ್ಬೇಡ!" ಎಂದು ಕಿರುಚಿ, ಎರಡೂ ಕೈಯಿಂದ ಪಂಚೆ ಹಿಡಿದು ಎಳೆದ. ಅದು ಪರ್ರೆಂದು ಹರಿಯಿತು. ಚಕ್ರ ಬಿಟ್ಟಿತು. ಆಚೆ ಬದಿಯ ಟೈರಿಗೆ ಕಾಲು ಕೊಟ್ಟು ಇದ್ದಬದ್ದ ಶಕ್ತಿಯಿಂದ ಒದ್ದ.

ದೊಡ್ಡ ರಬ್ಬರ್ ಚಕ್ರಗಳು ಅಂದು ತಮ್ಮ ಯೋಗ್ಯತೆ ತೋರಿಸಿದವು. ಹಲಗೆ ಜೀಪಿನಡಿಯಿಂದ ಚಿಮ್ಮಿ ಪಾರ್ವತಮ್ಮನ ಪಾದದ ಪಕ್ಕದಲ್ಲೇ ಹಾದು, ಪೋರ್ಟಿಕೋದ ಇಳಿಜಾರು ಹಿಡಿದು, ಹಬ್ಬಕ್ಕೆಂದು ತೆರೆದಿಟ್ಟ ಗೇಟು ದಾಟಿ, ಎದುರಿನ ಹೊಂಗೆಮರದ ಬುಡಕ್ಕೆ ಮೆತ್ತಗೆ ತಾಗಿ ನಿಂತಿತು. ಅದರ ಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ, ಕೈ ಮುಗಿದು, ಪಟ್ಟಾಪಟ್ಟಿ ಚಡ್ಡಿಯಲ್ಲಿ ನರೇಂದ್ರ.

ಲತಾಮಣಿ ಓಡಿಬಂದಳು. ಅವನ ಕೈ, ಕಾಲು, ತಲೆ ಎಲ್ಲ ಮುಟ್ಟಿ ನೋಡಿ, ಎಲ್ಲ ಇದೆ ಎಂದು ಖಾತ್ರಿಯಾದಮೇಲೆ ಭುಜಕ್ಕೆ ಫಟ್ಟೆಂದು ಹೊಡೆದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಕೀ ತಿರುಗಿಸಿದ್ದು ನಾನು ಕಣ್ರೀ! ಇಂಜಿನ್ ಹತ್ತಿದ್ದಿದ್ರೆ? ಒಂದು ಕೂಗು ಹಾಕೋಕೆ ಏನಾಗಿತ್ತು ನಿಮಗೆ?"

"ಮೇಡಂ ಬಂದಿದ್ರಲ್ಲ... ಈ ಚಡ್ಡೀಲಿ..." ಎಂದ.

"ಚಡ್ಡಿಗೋಸ್ಕರ ಸಾಯ್ತಿದ್ರಾ?" ಎಂದು ಬಿಕ್ಕಿದಳು. ಅವನ ಕೈ ಹಿಡಿದು ಎಬ್ಬಿಸಿ, ಪೋರ್ಟಿಕೋಗೆ ಕರೆತಂದಳು. "ಮೇಡಂ ಇಲ್ಲಿ ಬಂದೇ ಇಲ್ಲ. ಅವರು ಹುಳಿಮಾವಲ್ಲಿ ಅವರ ಮನೇಲೇ ಇದ್ದಾರೆ. ವಿಡಿಯೋ ಕಾಲಲ್ಲಿ ಮಾತಾಡ್ತಿದ್ದಿದ್ದು!"

"ಬಂದೇ ಇಲ್ವಾ?"

"ಇಲ್ಲ!"

ನರೇಂದ್ರನ ಮೈಗೆ ಜೀವ ಮರಳಿತು. ಪ್ರಾಣವೂ ಉಳಿಯಿತು, ಮಾನವೂ ಉಳಿಯಿತು! ಎರಡೂ ಕೈ ಮೇಲೆತ್ತಿ ಪೋರ್ಟಿಕೋದ ನಡುವೆ ಒಂದು ಸುತ್ತು ತಿರುಗಿದ. "ಅಂದ್ರೆ ಯಾರೂ ನೋಡ್ಲಿಲ್ಲ! ಅಮ್ಮ, ಯಾರೂ ನೋಡ್ಲಿಲ್ಲ!"

"ನರೇಂದ್ರ ಅವರೇ," ಎಂದಿತು ತುಳಸಿಕಟ್ಟೆಗೆ ಒರಗಿಸಿಟ್ಟಿದ್ದ ಫೋನು, ಸ್ಟಾಫ್ ರೂಮಿನ ಅದೇ ಗಂಭೀರ ಧ್ವನಿಯಲ್ಲಿ. "ದಯವಿಟ್ಟು ಈ ಕಡೆ ಬೆನ್ನು ತಿರುಗಿಸ್ಬೇಡಿ. ಇದು ಗ್ರೂಪ್ ಕಾಲು. ಭಜನಾಮಂಡಳಿಯವರೆಲ್ಲ ಇದ್ದೀವಿ."