ಮುಚ್ಚಳ ತೆಗೆಯಬೇಡಿ

ಎಲ್ಲಕ್ಕೂ ಕಾರಣ ಆ ಗಾಜಿನ ಮುಚ್ಚಳ. ತಗಡಿನದಾಗಿದ್ದರೆ ಯಾರೂ ಅದರ ಗೋಜಿಗೆ ಹೋಗುತ್ತಿರಲಿಲ್ಲ. ಗಾಜಿನದಾದ್ದರಿಂದ ಇಣುಕಿದರು, ಹಬೆ ಕಟ್ಟಿ ಏನೂ ಕಾಣದ್ದರಿಂದ ತೆಗೆದೇ ನೋಡಿದರು.

ಮುಚ್ಚಳದ ಕೆಳಗಿದ್ದದ್ದು ಹೊಸ ಸ್ಲೋ ಕುಕ್ಕರ್, ಕರೆಂಟಿನ ಸಣ್ಣ ಕಾವಿನಲ್ಲಿ ದಿನವಿಡೀ ನಿಧಾನವಾಗಿ ಬೇಯಿಸುವ ಪಾತ್ರೆ. ಅದರ ಒಡೆಯ ಒಬ್ಬ ಬಸ್ ಕಂಡಕ್ಟರ್. ಅವನ ಹೆಂಡತಿ ದೊಡ್ಡ ಶಾಲೆಯೊಂದರ ಅಡುಗೆಮನೆಯ ಯಜಮಾನಿ. ಹಗಲೆಲ್ಲ ಊರ ಮಕ್ಕಳಿಗೆ ಬೇಯಿಸಿ ಹಾಕಿ, ಸಂಜೆ ಮನೆಗೆ ಬಂದು ಗಂಡನಿಗೆ ಬೇಯಿಸಿ ಹಾಕುವವಳು. ಸೌಟು ಕೈಬಿಟ್ಟ ದಿನ ಅವಳಿಗೇ ನೆನಪಿಲ್ಲ. ಇಷ್ಟು ವರ್ಷ ಗಡದ್ದಾಗಿ ಉಂಡು ತೇಗಿದ ಕಂಡಕ್ಟರನಿಗೆ ಈ ಸಲದ ರಜೆಯಲ್ಲಿ ಇದ್ದಕ್ಕಿದ್ದಂತೆ ಕರುಳು ಚುರುಕ್ ಎಂದಿತು. ಬಾಡಿಗೆಗೆ ಕ್ಯಾರವಾನ್ ಎಂಬ ಮನೆಗಾಡಿ ಹಿಡಿದ, ಕುಕ್ಕರ್ ಕೊಂಡ, "ಈ ವಾರ ಪೂರ್ತಿ ನೀನು ಸೌಟು ಮುಟ್ಟೋ ಹಾಗಿಲ್ಲ, ಅಡುಗೆಯೆಲ್ಲ ನಂದು" ಎಂದು ಸಾರಿಯೇಬಿಟ್ಟ.

"ಮೊದಲು ಇವತ್ತೊಂದು ರಾತ್ರಿ ಊಟ ಹಾಕಿ ನೋಡೋಣ" ಎಂದಳು ಅವಳು. "ಬೆಂದಿಲ್ಲ ಅಂದ್ರೆ ನಾಳೆಯಿಂದ ಸೌಟು ನನ್ನ ಕೈಗೆ. ಹಸ್ಕೊಂಡು ಊರು ಸುತ್ತೋಕೆ ನಂಗಾಗಲ್ಲಪ್ಪ."

ಸೌಟು ಅವಳ ಕೈಗೆ ಹೋದರೆ ಇದು ಪ್ರವಾಸವೇ ಅಲ್ಲ, ಅಡುಗೆಮನೆಗೆ ಚಕ್ರ ಕಟ್ಟಿದ ಹಾಗಷ್ಟೇ. ಕಂಡಕ್ಟರನಿಗೆ ಅದು ಸುತರಾಂ ಇಷ್ಟವಿರಲಿಲ್ಲ.

ಅವರು ತಂಗಿದ್ದದ್ದು ಕೆರೆಯಂಚಿನ ಬಯಲಿನಲ್ಲಿ. ಅಲ್ಲಿ ಕ್ಯಾರವಾನುಗಳು ಸಾಲಾಗಿ ನಿಂತಿದ್ದವು, ಇಡೀ ಸಾಲಿಗೆ ಪ್ಲಗ್ಗುಗಳಿದ್ದ ಒಂದೇ ವಿದ್ಯುತ್ ಕಂಬ. ಬೆಳಿಗ್ಗೆ ಕೋಳಿ, ಆಲೂಗಡ್ಡೆ, ಕ್ಯಾರೆಟ್ಟು ಹೆಚ್ಚಿ ಕುಕ್ಕರಿಗೆ ತುಂಬಿ, ಬಾಗಿಲ ಮುಂದಿನ ಮಡಚುವ ಮೇಜಿನ ಮೇಲಿಟ್ಟು, ವೈರನ್ನು ಕಂಬಕ್ಕೆ ಸಿಕ್ಕಿಸಿದ. "ಹಾಕಿ ಮರೆತುಬಿಡಿ ಸಾರ್. ಆದ್ರೆ ಮುಚ್ಚಳ ಮಾತ್ರ ತೆಗೀಬೇಡಿ, ತೆಗೆದ್ರೆ ಕಾವೆಲ್ಲ ಹೋಗುತ್ತೆ" ಎಂದು ಅಂಗಡಿಯವನು ಹೇಳಿದ್ದ. ಹೆಂಡತಿಯ ತಲೆಗೆ ಟೋಪಿ ಹಾಕಿ, ಕೈಗೊಂದು ಕುರ್ಚಿ ಕೊಟ್ಟು, "ಕೆರೆ ನೋಡ್ತಾ ಕೂತ್ಕೋ, ಕತ್ತಲಾಗೋವರೆಗೂ ಈ ಕಡೆ ತಲೆ ಹಾಕ್ಬೇಡ" ಎಂದು ಅಟ್ಟಿ, ತಾನು ಸ್ನಾನಕ್ಕೆ ಹೋದ.

ಮರಳಿ ಬಂದರೆ ಎಡಗಡೆ ಕ್ಯಾರವಾನಿನ ನಿವೃತ್ತ ಹಲ್ಲಿನ ಡಾಕ್ಟರು ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು ಕುಕ್ಕರಿನೊಳಗೆ ಬಗ್ಗಿದ್ದರು.

"ಏನ್ ಮಾಡ್ತಿದೀರಿ ಡಾಕ್ಟ್ರೇ!"

"ಏನಿಲ್ಲ ಕಣ್ರೀ, ಮುಚ್ಚಿರೋದು ಕಂಡ್ರೆ ತೆಗೆಸಿ ನೋಡೋದು ಹಳೇ ಅಭ್ಯಾಸ." ಫೋರ್ಕಿನಿಂದ ಒಂದು ಆಲೂಗಡ್ಡೆಯನ್ನು ಅಲುಗಿಸಿ, "ಭದ್ರವಾಗಿದೆ. ಇನ್ನೂ ಹತ್ತು ವರ್ಷ ಚಿಂತೆಯಿಲ್ಲ" ಎಂದರು.

ಕಂಡಕ್ಟರ್ ಮುಚ್ಚಳ ಕಿತ್ತುಕೊಂಡು ಮುಚ್ಚಿದ. ಹಾಲು ತರಲು ಹೋಗಿ ಬರುವಷ್ಟರಲ್ಲಿ ಕುಕ್ಕರಿನ ಕೆಂಪು ದೀಪ ಆರಿತ್ತು. ಬಲಗಡೆಯ ಬೆಕ್ಕಿನಜ್ಜಿ ಕಂಕುಳಲ್ಲಿ ತನ್ನ ದಡೂತಿ ಬೆಕ್ಕನ್ನೂ ಕೈಯಲ್ಲಿ ಅವನ ವೈರನ್ನೂ ಹಿಡಿದು ನಿಂತಿದ್ದಳು.

"ಕರೆಂಟಿಗೆ ಹಾಕಿ ಹಂಗೇ ಬಿಟ್ಟು ಹೋಗ್ತಾರೇನಪ್ಪಾ? ಹೊಗೆ ಬರ್ತಿತ್ತು. ನಾನಿದ್ದೆ, ನೀನು ಬಚಾವಾದೆ!"

"ಅದು ಹೊಗೆಯಲ್ಲಜ್ಜಿ, ಹಬೆ!"

"ಎಲ್ಲಾ ಒಂದೇ. ಮುಚ್ಚಳ ತೆಗೆದೂ ನೋಡ್ದೆ. ಉಪ್ಪೇ ಇರಲಿಲ್ಲ, ಹಾಕಿದೀನಿ."

ಆಮೇಲೆ ಸುದ್ದಿ ಸಾಲಿನ ತುದಿಯವರೆಗೂ ಹಬ್ಬಿತು. ಒಲೆಯಿಲ್ಲದೆ ಬೇಯುವ ಕೋಳಿಯನ್ನು ನೋಡಲು ಜನ ಬಂದರು. "ಮುಂದೆ ಹೋಗಿ, ನಿಲ್ಬೇಡಿ, ಮುಂದೆ ಹೋಗಿ" ಎಂದು ಕಂಡಕ್ಟರ್ ಅಭ್ಯಾಸಬಲದಿಂದ ಕೂಗಿದ. ಅವರೂ ಅಭ್ಯಾಸಬಲದಿಂದ ಕದಲಲಿಲ್ಲ. ಕೊನೆಗೆ ಕುಕ್ಕರನ್ನು ಒಳಗೊಯ್ದು, ಬಾಗಿಲು ಕಿಟಕಿ ಭದ್ರಪಡಿಸಿ, ಅದನ್ನು ತಬ್ಬಿಕೊಳ್ಳುವಂತೆ ಕೂತ. ಮಧ್ಯಾಹ್ನದ ಬಿಸಿಲಿಗೆ ಕ್ಯಾರವಾನು ಕಾದು, ಕೋಳಿಗಿಂತ ಮೊದಲು ಅವನೇ ಬೆಂದ.

ಅಷ್ಟರಲ್ಲಿ ಡಾಕ್ಟರಿಗೆ ಪಶ್ಚಾತ್ತಾಪವಾಯಿತು. ತಮ್ಮಿಂದ ಹೋದ ಕಾವನ್ನು ತಾವೇ ತುಂಬಿಕೊಡಬೇಕೆಂದು ತಮ್ಮ ಕರೆಂಟ್ ಒಲೆಯನ್ನು ಅದೇ ಕಂಬಕ್ಕೆ ಸಿಕ್ಕಿಸಿದರು. ಫಟ್ ಎಂದಿತು. ಇಡೀ ಸಾಲಿನ ಕರೆಂಟ್ ಹೋಯಿತು. ಕಂಡಕ್ಟರ್ ಕಂಬದ ಬುಡದಲ್ಲೇ ಕೈಕಟ್ಟಿ ಕಾದ. ರಿಪೇರಿಯವನು ಬಂದು ಸರಿಮಾಡುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಕಂಡಕ್ಟರ್ ಮೊದಲ ಸಲ ತಾನೇ ಮುಚ್ಚಳ ತೆಗೆದ. ಕೋಳಿ ಈಗಷ್ಟೇ ಬಿಸಿನೀರು ಹಾಕಿಕೊಂಡು ಕೂತಂತಿತ್ತು. ಅವನಿಗೆ ಅಳುವೇ ಬಂತು. ಒಂದೇ ಒಂದು ದಿನ ಅವಳನ್ನು ಸುಮ್ಮನೆ ಕೂರಿಸಿ ಉಣ್ಣಿಸುವ ಯೋಗ್ಯತೆಯೂ ತನಗಿಲ್ಲವೇ ಎನಿಸಿತು.

ಕೂತು ಮರುಗಲು ಸಮಯವಿರಲಿಲ್ಲ. ಕೋಳಿಯನ್ನೆಲ್ಲ ಅಜ್ಜಿಯ ಬೆಕ್ಕಿಗೆ ಸಮರ್ಪಿಸಿ, ಪಾತ್ರೆ ಹಿಡಿದು ಬಯಲಿನ ಗೇಟಿನ ಹೊರಗಿದ್ದ ಹೋಟೆಲಿಗೆ ಓಡಿದ. ಅಲ್ಲಿ ಜಾತ್ರೆಯಂಥ ಜನ. ಮಾಲೀಕ ಕಿಟಕಿಯಿಂದಲೇ ಪಾತ್ರೆ ಇಸಿದುಕೊಂಡು, "ನಿಮ್ಮ ಪುಣ್ಯ, ತಳದಲ್ಲಿ ಉಳಿದಿದ್ದಷ್ಟೂ ನಿಮಗೇ" ಎಂದು ಕೋಳಿ ಸಾರು ತುಂಬಿಸಿಕೊಟ್ಟ. ಕಂಡಕ್ಟರ್ ಅದನ್ನು ತಂದು ಕುಕ್ಕರಿಗೆ ಸುರಿದು, ಮುಚ್ಚಳ ಮುಚ್ಚಿ, ಹಣೆ ಒರೆಸಿಕೊಳ್ಳುವುದಕ್ಕೂ ಹೆಂಡತಿ ಟೋಪಿ ಬೀಸಿಕೊಳ್ಳುತ್ತಾ ಒಳಗೆ ಬರುವುದಕ್ಕೂ ಸರಿಹೋಯಿತು. ಅವಳ ಮುಖ ಕೆಂಪಾಗಿತ್ತು, ಆದರೆ ಕಣ್ಣಲ್ಲಿ ಕಳೆಯಿತ್ತು. ವಿಶ್ರಾಂತಿ ಅಂದರೆ ಇದೇ ಎಂದುಕೊಂಡು ಅವನು ಒಳಗೊಳಗೇ ಉಬ್ಬಿದ.

"ಕೂತ್ಕೋ. ನೀರೂ ನಾನೇ ಇಡ್ತೀನಿ."

ಅವಳು ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಇನ್ನೊಂದು ತುತ್ತು ತಿಂದು ಗಂಡನ ಮುಖವನ್ನೇ ನೋಡಿದಳು.

"ಚೆನ್ನಾಗಿಲ್ವಾ?" ಎಂದ ಅವನು.

"ಚೆನ್ನಾಗಿದೆ. ಉಪ್ಪು ಒಂಚೂರು ಕಮ್ಮಿ. ಇಳಿಸೋವಾಗ್ಲೇ ಅನ್ಕೊಂಡೆ."

"ಇಳಿಸೋವಾಗ ಅಂದ್ರೆ?"

ಅವಳು ತಲೆ ತಗ್ಗಿಸಿದಳು. "ಬೈಬೇಡಿ. ಕೆರೆ ಎಷ್ಟೂಂತ ನೋಡ್ಲಿ ಹೇಳಿ? ನೀರು ಇದ್ದಲ್ಲೇ ಇತ್ತು. ಗೇಟಿನ ಹೋಟೆಲಿಂದ ತಳ ಹಿಡಿದ ವಾಸನೆ ಬಂತು. ಒಂದು ಮಾತು ಹೇಳಿ ಬರೋಣ ಅಂತ ಹೋದೆ. ಅಡುಗೆಯವನು ಬಂದಿರಲಿಲ್ಲ, ಪಾಪ ಮಾಲೀಕ ಅಳೋದೊಂದು ಬಾಕಿ. ಕೈ ಸುಮ್ನಿರಲಿಲ್ಲ ಕಣ್ರೀ. ಬೆಳಗಿಂದ ನಾಲ್ಕು ಹಂಡೆ ಇಳಿಸಿದೆ."

ಕಂಡಕ್ಟರ್ ಕುಕ್ಕರಿನೊಳಗೆ ಮತ್ತೊಮ್ಮೆ ಇಣುಕಿ ನೋಡಿದ. ಅವಳೇ ಮೆಲ್ಲಗೆ ಅವನ ತಟ್ಟೆಗೂ ಬಡಿಸಿದಳು. "ನಿಮ್ಮ ಕೋಳಿ ಏನಾಯ್ತು ಅಂತ ನಾನು ಕೇಳಲ್ಲ. ನಾನು ಹೋಗಿದ್ದಕ್ಕೆ ನೀವು ಬೇಜಾರು ಮಾಡ್ಕೋಬೇಡಿ."

ಇಬ್ಬರೂ ಉಣ್ಣತೊಡಗಿದರು. ಆಮೇಲೆ ಅವಳಿಗೆ ಮೊದಲು ನಗು ಬಂತು, ಅವನಿಗೂ ಬಂತು. ಆ ನಗು ಮುಗಿಯುವ ಹೊತ್ತಿಗೆ ಪಾತ್ರೆ ಖಾಲಿಯಾಗಿತ್ತು.

"ಹೋಗ್ಲಿ ಬಿಡು" ಎಂದ ಅವನು, ದೊಡ್ಡ ಮನಸ್ಸು ಮಾಡಿ. "ನಾಳೆ ಇಬ್ಬರೂ ಒಟ್ಟಿಗೇ ಇರೋಣ."

"ನಾನೂ ಅದನ್ನೇ ಹೇಳಿದೀನಿ ಹೋಟೆಲಿನವರಿಗೆ" ಎಂದಳು ಅವಳು ಖುಷಿಯಿಂದ. "ಈ ವಾರ ಪೂರ್ತಿ ಆ ಅಡುಗೆಯವನು ಬರಲ್ವಂತೆ. ಬೇಗ ಮಲಗಿ. ನಸುಕಿನಲ್ಲೇ ಹೋಗ್ಬೇಕು, ಮೂಟೆ ಈರುಳ್ಳಿ ಹೆಚ್ಚೋಕೆ ನಮ್ಮೆಜಮಾನ್ರು ಇದಾರೆ ಅಂದಿದೀನಿ."