ನಾಯಿಗೆ ಹದಿನೈದು ದಿನದ ರಜ

ದನದ ಆಸ್ಪತ್ರೆಯಲ್ಲಿ ರೋಗಿಗಳು ಮಾತಾಡುವುದಿಲ್ಲ, ಅವುಗಳ ಯಜಮಾನರು ಮಾತಾಡುತ್ತಾರೆ. ನಗು ಹುಟ್ಟುವುದೇ ಅಲ್ಲಿ. ಮಹಾರಾಜರ ಕಾಲದಲ್ಲಿ ನಾನು ಸಿರಾದಲ್ಲಿ ಕಾಂಪೌಂಡರನಾಗಿದ್ದಷ್ಟು ದಿನವೂ ಇಂಥದ್ದಕ್ಕೆ ಬರವಿರಲಿಲ್ಲ. ಒಂದೇ ಒಂದು ನಾಯಿಯಿಂದ ಆದದ್ದನ್ನು ಹೇಳುತ್ತೇನೆ.

೧. ಯಾರಿಗೆ ಕಾಯಿಲೆ?

ಬೇಸಿಗೆಯ ಒಂದು ಮಧ್ಯಾಹ್ನ ತಾವರೆಕೆರೆ ಕಡೆಯ ಕುರಿಗಾಹಿಯೊಬ್ಬ ಕರುವಿನಷ್ಟು ದೊಡ್ಡ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದ. ಬಾಗಿಲಲ್ಲಿ ನಾಯಿ ತಾನಾಗಿ ಇಳಿದು ಬಾಲ ಅಲ್ಲಾಡಿಸಿತು. ಇವನು ಕಣ್ಣು ತೇಲಿಸಿ ಕುಸಿದು ಕೂತ. ನಾಯಿಗೆಂದು ತಂದ ನೀರನ್ನು ಇವನ ತಲೆಗೆ ಸುರಿದೆ.

ಹಿಂದಿನ ದಿನ ನಾಯಿ ಬಿಸಿಲಲ್ಲಿ ಮಂದೆಯ ಸುತ್ತ ಓಡಿ ಓಡಿ ಬಿದ್ದುಬಿಟ್ಟಿತ್ತಂತೆ. ಡಾಕ್ಟರು ಅದರ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, "ದಣಿದು ದಣಿದು ಎದೆ ಸೋತಿದೆ. ಹದಿನೈದು ದಿನ ಓಡಿಸಬೇಡ. ಓಡಿದರೆ ಉಳಿಯೋಲ್ಲ" ಅಂದರು.

ಅವನ ಮುಖ ಸಣ್ಣಗಾಯಿತು. "ತೋಳನ ಬಾಯಿಂದ ಕುರೀನೂ ನನ್ನನ್ನೂ ಉಳಿಸಿರೋದೇ ಇದು ಸಾಮಿ. ಇದು ಹೋದ್ರೆ ನಾನು ಹೆಂಗಿರ್ಲಿ?" ಅಂದ. ನನಗೂ ಸಂಕಟವಾಯಿತು. ಹೊರಡುವಾಗ ಮಾತ್ರ ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದ: "ಇಷ್ಟನ್ನೂ ಆ ಕೊಳವೇಲಿ ನಾಯೀನೇ ಹೇಳ್ತಾ?"

೨. ಅತ್ತೆಯ ಕಾವಲು

ಮೂರೇ ದಿನಕ್ಕೆ ಒಬ್ಬನೇ ಬಂದ. ಮಂದೆಯ ಹತ್ತಿರ ಕಟ್ಟಿಹಾಕಿದರೆ, ಕುರಿ ಅತ್ತಿತ್ತ ಹೋದಾಗಲೆಲ್ಲ ನಾಯಿ ಹಗ್ಗ ಜಗ್ಗಿ ಇನ್ನಷ್ಟು ದಣಿಯುತ್ತದಂತೆ. "ಕುರಿ ಕಾಣದ ಕಡೆ ಇಡು" ಎಂದರು ಡಾಕ್ಟರು. ಮನೆಯಲ್ಲಿ ಬಿಟ್ಟ.

ವಾರದ ಮೇಲೆ ಸಂತೆಯಲ್ಲಿ ಸಿಕ್ಕಿದಾಗ ವಿಚಾರಿಸಿದೆ. ಮನೆಯಲ್ಲಿ ಕುರಿ ಇಲ್ಲವಲ್ಲ, ನಾಯಿ ಮನೆಮಂದಿಯನ್ನೇ ಒಂದು ಮೂಲೆಗೆ ಸೇರಿಸಿಕೊಂಡು ಹೊಸ್ತಿಲ ಮೇಲೆ ಮಲಗಿತ್ತು. ಯಾರಾದರೂ ಎದ್ದರೆ ಗುರ್ ಅನ್ನುತ್ತಿತ್ತು.

"ಹಂಗಾದ್ರೆ ಬೇರೆ ಕಡೆ ಕಟ್ಟೋ."

"ಬ್ಯಾಡಿ ಸಾಮಿ. ಬೆಳಗಾದ್ರೆ ಊರು ಸುತ್ತೋ ನಮ್ಮತ್ತೆ ಈಗ ಒಲೆ ಮುಂದೆನೇ ಅವ್ರೆ. ಇನ್ನೊಂದ್ ತಿಂಗ್ಳು ರಜ ಬರಸ್ಕೊಡಿ."

೩. ಇನ್ನೊಬ್ಬ ರೋಗಿ

ಗಡುವು ಮುಗಿಯುವ ದಿನ ಡಾಕ್ಟರ ಜೊತೆ ಆ ಕಡೆ ಹೋಗಿದ್ದೆ. ಅತ್ತೆ ರೇಗಿ ನಾಯಿಯನ್ನು ಮತ್ತೆ ಮಂದೆಗೇ ಅಟ್ಟಿದ್ದಳು. ಹೊಂಗೆಯ ನೆರಳಲ್ಲಿ ಕಂಬಳಿಯ ಮೇಲೆ ನಾಯಿ ಕಾಲು ಚಾಚಿ ಮಲಗಿತ್ತು. ಉರಿಬಿಸಿಲಲ್ಲಿ ಮಂದೆಯ ಸುತ್ತ ಓಡುತ್ತಿದ್ದವನು ಕುರಿಗಾಹಿ. ಓಡುವುದಷ್ಟೇ ಅಲ್ಲ, ಬೊಗಳುತ್ತಲೂ ಇದ್ದ.

"ಯಾಕೋ ಬೊಗಳ್ತೀಯ?" ಎಂದೆ.

"ನಾಯಿ ರಜದಾಗೈತೆ ಅಂತ ತೋಳಕ್ಕೆ ಗೊತ್ತಾಗಬಾರ್ದಲ್ಲ ಸಾಮಿ. ನಾನು ನಿಂತ್ರೆ ಇದು ಎದ್ದು ಓಡ್ತದೆ. ಅದಕ್ಕೇ ನಿಲ್ಲಂಗಿಲ್ಲ."

ಡಾಕ್ಟರು ನಾಯಿಯನ್ನು ಪರೀಕ್ಷಿಸಿ, "ಎದೆ ಗಟ್ಟಿಯಾಗಿದೆ. ಇನ್ನು ಬೆಳಿಗ್ಗೆ ಸಂಜೆ ಕೆಲಸಕ್ಕೆ ಬಿಡು, ಮಧ್ಯಾಹ್ನ ನೆರಳಲ್ಲಿರಲಿ" ಎಂದರು. ಅವನು ನಾಯಿಯ ಕತ್ತು ತಬ್ಬಿಕೊಂಡು ಅತ್ತೇಬಿಟ್ಟ. ಕಣ್ಣೊರೆಸಿಕೊಂಡು, ಏದುಸಿರು ಬಿಡುತ್ತ, ಅಂಗಿ ಬಿಚ್ಚಿ ಡಾಕ್ಟರ ಮುಂದೆ ಕೂತ.

"ನನ್ನೆದೇನೂ ಒಸಿ ನೋಡಿ ಸಾಮಿ, ಡವಡವ ಅಂತೈತೆ."

"ಅಯ್ಯೋ, ನಾನು ದನದ ಡಾಕ್ಟರಪ್ಪ. ಮನುಷ್ಯರನ್ನ ನೋಡೋ ಹಂಗಿಲ್ಲ."

"ಹದಿನೈದು ದಿವಸದಿಂದ ನಾಯಿ ಕೆಲಸ ಪೂರ್ತಿ ನಾನೇ ಮಾಡಿವ್ನಿ" ಅಂದ. "ಆ ಲೆಕ್ಕದಾಗಾದ್ರೂ ನೋಡಿ."