ನಾಗರಿಕರನ್ನು ತಯಾರಿಸಲು ಹೋದ ಬೇಸಿಗೆ

ಪುಸ್ತಕದ ಮಾತನ್ನು ಹೊತ್ತುಕೊಂಡು ಹೋಗಿ ಊರಿನಲ್ಲಿ ಇಳಿಸಲು ಹೊರಟವನಿಗೆ ಇಂಥ ಪ್ರಸಂಗಗಳು ಒದಗುತ್ತಲೇ ಇರುತ್ತವೆ. ಒದಗಲಿಲ್ಲವೆಂದರೆ ಆತ ಊರಿಗೆ ಹೋಗಿಯೇ ಇಲ್ಲ, ವರದಿಯನ್ನು ಮನೆಯಲ್ಲಿ ಕುಳಿತು ಬರೆದಿದ್ದಾನೆ ಎಂದು ತಿಳಿಯಬೇಕು.

ನಾನು ಹೋಗಿದ್ದೆ. ದೇಶದ ಮೊದಲ ಚುನಾವಣೆ ಮುಗಿದಿದ್ದ ಕಾಲ. ಬಿ.ಎ. ಮುಗಿಸಿ, ಓದಿದ ಕಾಲೇಜಿನಲ್ಲಿಯೇ ನಾಗರಿಕಶಾಸ್ತ್ರದ ಹಂಗಾಮಿ ಟ್ಯೂಟರನಾಗಿದ್ದೆ. ಬಾಯಿಪಾಠ ಮಾಡುವ ವಿದ್ಯಾರ್ಥಿಗಳ ಮೇಲೆ, ಮಾಡಿಸುವ ಅಧ್ಯಾಪಕರ ಮೇಲೆ, ಕಟ್ಟೆಯ ಮೇಲೆ ಕುಳಿತು ಸರಕಾರವನ್ನು ಬೈಯುವ ಹಳ್ಳಿಗರ ಮೇಲೆ ನನಗೆ ಸಮಾನವಾಗಿ ಸಿಟ್ಟಿತ್ತು. ಅದನ್ನು ನಾನು ಯಾರೆದುರೂ ಕೂಗಾಡಿ ವ್ಯರ್ಥ ಮಾಡುತ್ತಿರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿಡುತ್ತಿದ್ದೆ.

ಪ್ರಿನ್ಸಿಪಾಲರು ಒಂದು ದಿನ ಕರೆದು, ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೇಸಿಗೆಯ ರಜೆಯಲ್ಲಿ ರೋಣ, ಗಜೇಂದ್ರಗಡ, ನರಗುಂದ ಈ ಮೂರೂ ಕಡೆ ಹತ್ತು ಹತ್ತು ದಿನ ಇದ್ದು, ಊರ ಕೆಲಸದಲ್ಲಿ ಪಾಲುಗೊಳ್ಳುವ ನಾಗರಿಕತ್ವವನ್ನು ಅವರಿಗೆ ಕಲಿಸಿಕೊಂಡು ಬರಬೇಕೆಂದರು. ಪ್ರತಿಯೊಂದು ಕಡೆಯ ಹಿರಿಯರಿಂದಲೂ ಕೆಲಸ ಉಪಯೋಗವಾಯಿತೆಂದು ಪತ್ರ ಬರಬೇಕು. ಮೂರು ಪತ್ರ ಬಂದರೆ ನನ್ನ ನೌಕರಿ ಕಾಯಂ.

ಎರಡೇ ಬಂದರೆ ಎಂದು ಕೇಳಿದೆ.

"ಎರಡ ಬಂದ್ರ, ಎರಡ ಬಂದೂ ಅಂತ ತಿಳಕೋತೀನಿ" ಎಂದರು. ಅವರು ನನಗೆ ನಾಲ್ಕು ವರ್ಷ ತರ್ಕಶಾಸ್ತ್ರ ಕಲಿಸಿದವರು. ಆ ಉತ್ತರದಲ್ಲಿ ನನಗೆ ನೌಕರಿಯಿಲ್ಲವೆಂಬುದು ಸ್ಪಷ್ಟವಾಗಿತ್ತು.

ಪೂರ್ವಸಿದ್ಧತೆ

ಹೊರಡುವ ಮುನ್ನ ಹನ್ನೆರಡು ಮಂದಿಯನ್ನೂ ತರಗತಿಯಲ್ಲಿ ಕೂಡಿಸಿದೆ. ಪ್ರಜೆ ಮತ್ತು ನಾಗರಿಕ ಇವರಲ್ಲಿರುವ ಭೇದ, ಹಕ್ಕಿನ ಬೆನ್ನಿಗೆ ಬರುವ ಹೊಣೆ, ಒಂದು ಊರಿನ ಕಷ್ಟವನ್ನು ತನ್ನದೆಂದು ತಿಳಿಯುವುದು ಹೇಗೆ ಎಂಬುದನ್ನೆಲ್ಲ ಮುಕ್ಕಾಲು ಗಂಟೆ ವಿವರಿಸಿದೆ. ಅವರು ತಲೆಯೆತ್ತದೆ ಬರೆದುಕೊಂಡರು. ಅಂಥ ಏಕಾಗ್ರತೆಯನ್ನು ನಾನು ಆ ಕೋಣೆಯಲ್ಲಿ ಕಂಡಿರಲಿಲ್ಲ. ಸಂಶಯವೇನಾದರೂ ಇದೆಯೇ ಎಂದು ಕೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬನು ಎದ್ದು ನಿಂತ.

"ಇದು ಪರೀಕ್ಷಾಕ್ಕ ಬರತೈತೇನ್ರಿ ಸರ?"

ಬರುವುದಿಲ್ಲ ಎಂದೆ. ಹನ್ನೆರಡು ಪೆನ್ನುಗಳ ಟೋಪಿಗಳು ಏಕಕಾಲಕ್ಕೆ ಮುಚ್ಚಿಕೊಂಡವು. ನನ್ನ ಶಿಷ್ಯರು ಒಗ್ಗಟ್ಟಿನಿಂದ ನೆರವೇರಿಸಿದ ಮೊದಲ ಸಾರ್ವಜನಿಕ ಕಾರ್ಯ ಅದು.

ಗೊಬ್ಬರದ ಗುಂಡಿ

ರೋಣದ ಕಡೆ ನಾವು ಇಳಿದುಕೊಂಡದ್ದು ಸವಡಿಯ ಆಚೆಗಿನ ಒಂದು ಸಣ್ಣ ಊರಿನಲ್ಲಿ. ಬಯಲಿನಲ್ಲಿ ತಿಪ್ಪೆ ಹಾಕುವುದನ್ನು ಬಿಟ್ಟು ಗುಂಡಿಯಲ್ಲಿ ಗೊಬ್ಬರ ಮಾಡಬೇಕೆಂಬುದು ಆಗಿನ ಕೈಪಿಡಿಗಳ ಉಪದೇಶ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳ. ಕಾಗದದ ಮೇಲೆ ನಕಾಶೆ ತೆಗೆದು ಹುಡುಗರಿಗೆ ಕೊಟ್ಟೆ. ಊರ ಗೌಡರು ಚಾವಡಿಯ ಹಿಂದೆ ಜಾಗ ತೋರಿಸಿದರು. ಹುಡುಗರು ಗುದ್ದಲಿ ಸಲಿಕೆ ಹಿಡಿದು ಹಿಂದಕ್ಕೆ ಹೋದರು. ನಾನು ಚಾವಡಿಯ ಮುಂದೆ ನಿಂತು ಊರವರಿಗೆ ಶ್ರಮದ ಮಹತ್ವದ ಮೇಲೆ ಉಪನ್ಯಾಸಮಾಲೆ ಆರಂಭಿಸಿದೆ. ಐದು ದಿನ ನಡೆಯಿತು. ಶ್ರಮ ನಡೆಯುವ ಸ್ಥಳಕ್ಕೆ ಹೋಗಿ ಬರಲು ಉಪನ್ಯಾಸಗಳು ನನಗೆ ಅವಕಾಶ ಕೊಡಲಿಲ್ಲ.

ಹುಡುಗರ ಬಳಿ ಒಬ್ಬ ಅಜ್ಜ ಬಂದು ಕೂಡುತ್ತಿದ್ದನಂತೆ. ಪರ ಊರಿನಿಂದ ಬಂದ ಮಕ್ಕಳು ಬಿಸಿಲಿಗೆ ಬೇಯುವುದನ್ನು ಅವನಿಂದ ನೋಡಲಾಗಲಿಲ್ಲ.

"ತಮ್ಮಗೋಳ್ರ್ಯಾ, ಬಾಯಿ ಸಣ್ಣದ ಇಡ್ರಿ. ಒಳಗ ಹ್ವಾದಂಗ ಅಗಲ ಮಾಡಕೋತ ಹೋಗ್ರಿ. ನೆತ್ತಿಗೆ ಬಿಸಲ ಬಡಿಯೂದಿಲ್ಲ, ತಂಪ ಇರತೈತಿ" ಎಂದನಂತೆ.

ಸ್ಥಳೀಯರ ಅನುಭವಕ್ಕೆ ತಲೆಬಾಗಬೇಕೆಂದು ದಾರಿಯಲ್ಲಿ ಕಲಿಸಿದವನು ನಾನೇ. ಅವರು ತಲೆಬಾಗಿದರು. ಆರನೆಯ ದಿನ ನಾನು ಹಿಂದಕ್ಕೆ ಹೋಗಿ ನೋಡಿದರೆ ಹುಡುಗರೂ ಇಲ್ಲ, ಗುಂಡಿಯೂ ಇಲ್ಲ. ಒಬ್ಬ ಮನುಷ್ಯ ಇಳಿಯುವಷ್ಟು ಒಂದು ಬಿಲ ಮಾತ್ರ ಇತ್ತು. ಎಲ್ಲಿದ್ದೀರಿ ಎಂದು ಕರೆದೆ. ಪಾತಾಳದಿಂದ ಐದಾರು ದನಿಗಳು "ಇಲ್ಲೇ ಅದೇವ್ರಿ ಸರ" ಎಂದವು.

ಬಾಯಿ ಕಿರಿದು, ಹೊಟ್ಟೆ ಹಿರಿದು, ಎರಡಾಳು ಆಳ. ಆ ಸೀಮೆಯಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡುವ ಹಗೇವು ಅದು. ಅದರಲ್ಲಿ ಒಂದು ದೋಷವನ್ನೂ ತೋರಿಸುವಂತಿರಲಿಲ್ಲ. ಅಜ್ಜ ಆಗಲೇ ಒಳಗೆ ಹಾಸಲು ಹುಲ್ಲು ತಂದು ಒಟ್ಟಿದ್ದ. ಇದು ಗೊಬ್ಬರದ ಗುಂಡಿಯಲ್ಲ ಎಂದು ನಾನು ತಣ್ಣಗೆ ತಿಳಿಸಿದೆ.

"ತಿಪ್ಪಿ ಅಲ್ಲೇ ಐತಲ್ರಿ ಮಾಸ್ತರ, ಅದೆಲ್ಲಿ ಹೋಗತೈತಿ?" ಎಂದ. "ಇಂಥಾ ಚಲೋ ಹಗೇವು ತೋಡಿ ಅದರಾಗ ಯಾರರ ಗೊಬ್ಬರಾ ಸುರೀತಾರೇನ್ರಿ?"

ಗೌಡರು ಪತ್ರ ಕೊಟ್ಟರು: 'ತಮ್ಮ ಹುಡುಗರ ಕೆಲಸವು ನಮ್ಮ ಮೊಮ್ಮಕ್ಕಳ ಕಾಲದವರೆಗೆ ಉಳಿಯತಕ್ಕದ್ದು.' ಯಾವ ಕೆಲಸವೆಂದು ಬರೆದಿರಲಿಲ್ಲ. ಅಸ್ಪಷ್ಟವಾದ ಗದ್ಯವನ್ನು ನಾನು ಎಲ್ಲಿ ಕಂಡರೂ ತಿದ್ದುತ್ತೇನೆ. ಆ ಒಂದು ವಾಕ್ಯವನ್ನು ಮಾತ್ರ ಹಾಗೆಯೇ ಮಡಚಿ ಕಿಸೆಯಲ್ಲಿಟ್ಟುಕೊಂಡೆ.

ಪ್ರಶ್ನೆ ಹದಿನಾಲ್ಕು

ಗಜೇಂದ್ರಗಡದಲ್ಲಿ ಗುದ್ದಲಿಯನ್ನು ಕೈಬಿಟ್ಟು ಪ್ರಶ್ನಾವಳಿಯನ್ನು ಹಿಡಿದೆವು. ನೇಕಾರರ ಓಣಿಯಲ್ಲಿ ಮನೆಮನೆಗೆ ಹೋಗಿ ನಲವತ್ತು ಪ್ರಶ್ನೆ ಕೇಳಿ ಜನಜೀವನವನ್ನು ಅರಿಯುವುದು ಉದ್ದೇಶ. ಮನೆಗೊಬ್ಬನಂತೆ ಹುಡುಗರನ್ನು ಹಂಚಿ, ಸಂಜೆ ಬಂದು ಹಾಳೆಗಳನ್ನು ಒಪ್ಪಿಸಬೇಕೆಂದು ಹೇಳಿದೆ. ಮೊದಲನೆಯ ಸಂಜೆ ಒಂದು ಹಾಳೆಯೂ ತುಂಬಿರಲಿಲ್ಲ. ಎರಡನೆಯ ಸಂಜೆಯೂ ಇಲ್ಲ. ಮೂರನೆಯ ದಿನ ನಾನೇ ಪರಿಶೀಲನೆಗೆ ಹೋದೆ.

ಮೊದಲ ಮನೆಯಲ್ಲಿ ಒಬ್ಬ ಮುಸಲ್ಮಾನ ಹಿರಿಯರು ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಲಾಳಿ ಹೊಡೆಯುತ್ತಿದ್ದರು. ನಮ್ಮ ವಿದ್ಯಾರ್ಥಿ ರಾಟಿಯ ಮುಂದೆ ಕುಳಿತು ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದ. ಪ್ರಶ್ನಾವಳಿ ಅವನ ತೊಡೆಯ ಕೆಳಗಿತ್ತು. ವಿಚಾರಿಸಲಾಗಿ, ಮೊದಲನೆಯ ದಿನವೇ ಹಿರಿಯರು ನ್ಯಾಯವಾದ ಮಾತು ಹೇಳಿದ್ದರು: ತಮ್ಮಾ, ನೀ ಬಾಯಿಲೆ ಕೇಳು, ನಾ ಬಾಯಿಲೆ ಹೇಳತೀನಿ, ನನ್ನ ಕೈಗೆ ಕೆಲಸ ಐತಿ, ನಿನ್ನ ಕೈ ಯಾಕ ಖಾಲಿ ಇರಬೇಕು? ಪೆನ್ನು ಹಿಡಿಯಬೇಕಾದ ಕೈ ನೂಲು ಹಿಡಿದದ್ದರಿಂದ ಉತ್ತರಗಳನ್ನು ಬರೆದುಕೊಳ್ಳುವವರು ಯಾರೂ ಉಳಿಯಲಿಲ್ಲ. ಓಣಿಯ ಹನ್ನೆರಡೂ ಮನೆಗಳಲ್ಲಿ ಇದೇ ಸ್ಥಿತಿ.

ನಾನೇ ಹಾಳೆ ತೆಗೆದುಕೊಂಡು ಕುಳಿತೆ. ಹದಿಮೂರು ಪ್ರಶ್ನೆಗಳವರೆಗೆ ಲಾಳಿ ನಿಲ್ಲಲಿಲ್ಲ. ಹದಿನಾಲ್ಕನೆಯದು: ಬಿಡುವಿನ ವೇಳೆಯನ್ನು ಕುಟುಂಬದವರು ಹೇಗೆ ಕಳೆಯುತ್ತೀರಿ? ಲಾಳಿ ನಿಂತಿತು.

"ಬಿಡುವು ಅಂದ್ರ?"

ಮಾಡಲು ಕೆಲಸವಿಲ್ಲದೆ ಸುಮ್ಮನೆ ಇರುವ ಹೊತ್ತು ಎಂದು ವಿವರಿಸಿದೆ. ಹಿರಿಯರು ಸ್ವಲ್ಪ ವಿಚಾರ ಮಾಡಿದರು.

"ಹಂಗಾರ ಅದು ನಿಮ್ಮ ಹುಡುಗೂರು ಬಂದಾಗಿಂದ ಶುರು ಆಗೇತ್ರಿ. ಕಂಡಿಕಿ ಸುತ್ತೂದು ನಮ್ಮ ಮನಿಯಾಕಿ ಕೆಲಸ. ಮೂರು ದಿನ ಆತು, ಆಕಿ ತಂಗಿ ಮನ್ಯಾಗ ಮಾತಾಡಕೋತ ಕುಂತಾಳ. ಏನ ಮಾತಾಡತಾಳ ಬೇಕಾದ್ರ ಹೋಗಿ ಬರಕೋರಿ."

ಅಲ್ಲಿಂದ ಬಂದ ಪತ್ರದಲ್ಲಿ ಪ್ರಶಂಸೆ ಸ್ಪಷ್ಟವಾಗಿಯೇ ಇತ್ತು. ಕೊನೆಯಲ್ಲಿ, ಹಬ್ಬದ ಮುಂದೆ ಕೆಲಸ ಹೆಚ್ಚಿರುವುದರಿಂದ ಆಗ ಇನ್ನೂ ಹತ್ತು ಪದವೀಧರರನ್ನು ಕಳಿಸಿಕೊಡಬೇಕೆಂಬ ಬೇಡಿಕೆಯೂ ಇತ್ತು.

ಸಾಲು

ನರಗುಂದದ ಕಡೆಗೆ ಹೋಗುವಾಗ ಕೊಣ್ಣೂರಿನಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ ಮಂದಿಗೆ ಸಾಲಾಗಿ ನಿಲ್ಲುವುದನ್ನು ಕಲಿಸಬೇಕೆಂದು ವಿದ್ಯಾರ್ಥಿಗಳಿಗೆ ತಾವಾಗಿಯೇ ಹೊಳೆಯಿತು. ನನಗೆ ಸಂತೋಷವಾಯಿತು. ಜನ ಮರುಮಾತಿಲ್ಲದೆ ಒಪ್ಪಿ, ತಮ್ಮ ತಮ್ಮ ಗಂಟುಗಳನ್ನು ರಸ್ತೆಯ ಬದಿಗೆ ನೂಲು ಹಿಡಿದಂತೆ ಸಾಲಾಗಿ ಇಟ್ಟು, ಬೇವಿನ ಮರದ ನೆರಳಿಗೆ ಹೋಗಿ ಕುಳಿತರು. ಬಸ್ಸು ಬಂತು. ಮರದ ಕೆಳಗಿನವರೆಲ್ಲ ಒಮ್ಮೆಲೆ ಎದ್ದು, ಕಿಟಕಿಯಿಂದಲೂ ಬಾಗಿಲಿನಿಂದಲೂ ಒಳಗೆ ನುಗ್ಗಿ ಕುಳಿತರು. ಬಳಿಕ ಒಬ್ಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಂಟುಗಳನ್ನು ಒಂದೊಂದಾಗಿ ಪಾಳಿಯ ಪ್ರಕಾರವೇ ಮೇಲಕ್ಕೆ ಏರಿಸಬೇಕೆಂದು ನಮ್ಮ ಹುಡುಗರಿಗೆ ಸೂಚಿಸಿದರು. ಹುಡುಗರು ಏರಿಸಿದರು. ಒಂದು ಗಂಟೂ ಮತ್ತೊಂದನ್ನು ಹಿಂದೆ ಹಾಕಲಿಲ್ಲ.

ನಾವು ಹದಿಮೂರು ಮಂದಿ ಮುಂದಿನ ಬಸ್ಸಿಗೆ ಸಾಲಾಗಿ ನಿಂತೆವು.

ಅರ್ಜಿ

ನರಗುಂದದ ಭಾಗದಲ್ಲಿ ಚಿಕ್ಕನರಗುಂದದ ದಾರಿಯ ಒಂದು ಊರಿನ ಹೊರಗಿದ್ದ ಶಾಲೆಯಲ್ಲಿ ನಮ್ಮ ಬಿಡಾರ. ಕಿಸೆಯಲ್ಲಿ ಎರಡು ಪತ್ರಗಳಿದ್ದವು. ಮೂರನೆಯದು ಬರದಿದ್ದರೆ ಆ ಎರಡಕ್ಕೂ ಬೆಲೆಯಿಲ್ಲ. ಆದ್ದರಿಂದ ಗುಂಡಿ, ಪ್ರಶ್ನಾವಳಿ ಎಲ್ಲವನ್ನೂ ಬದಿಗಿರಿಸಿ, ನನಗೆ ಪೂರ್ಣವಾಗಿ ಗೊತ್ತಿದ್ದ ಎರಡೇ ಸಂಗತಿಗಳನ್ನು ಕಲಿಸಲು ನಿರ್ಧರಿಸಿದೆ: ಸಹಿ ಮಾಡುವುದು ಮತ್ತು ಅರ್ಜಿ ಬರೆಯುವುದು.

ಸಹಿಯ ಕೆಲಸವನ್ನು ಹುಡುಗರಿಗೆ ವಹಿಸಿದೆ. ಅವರು ಪಾಟಿ ಬಳಪ ಹಿಡಿದು ಹಿತ್ತಲಿಗೆ, ಕಣಕ್ಕೆ, ಕಮ್ಮಾರನ ಕುಲುಮೆಗೆ ಹೋಗಿ ಒಬ್ಬೊಬ್ಬರ ಕೈ ಹಿಡಿದು ತಿದ್ದಿಸಿದರು. ಅರ್ಜಿಯ ಕೆಲಸ ನನ್ನದು. ದಿನಾಲು ಸಂಜೆ ಹೊತ್ತು ಇಳಿಯುವಾಗ ಚಾವಡಿಯ ಗಂಟೆ ಬಾರಿಸಿ ಸಭೆ ಕೂಡಿಸುತ್ತಿದ್ದೆ. ಬಾರದವರ ಮನೆಗೆ ಇಬ್ಬಿಬ್ಬರು ವಿದ್ಯಾರ್ಥಿಗಳು ಹೋಗಿ, ಅವರು ಚಪ್ಪಲಿ ಮೆಟ್ಟುವವರೆಗೆ ವಿನಯದಿಂದ ಕೈಮುಗಿದು ನಿಲ್ಲುತ್ತಿದ್ದರು. ನಾಗರಿಕನು ಕಟ್ಟೆಯ ಮೇಲೆ ಕುಳಿತು ಗೊಣಗುವುದಿಲ್ಲ, ಬರೆಯುತ್ತಾನೆ. ಇದು ನನ್ನ ಉಪನ್ಯಾಸದ ಸಾರ. ಅದನ್ನು ದಿನವೂ ಒಂದೂವರೆ ತಾಸು ಹೇಳುತ್ತಿದ್ದೆ.

ಏಳನೆಯ ದಿನ ಮಧ್ಯಾಹ್ನ ಗೌಡರು ಇಬ್ಬರು ಹಿರಿಯರೊಂದಿಗೆ ಶಾಲೆಗೆ ಬಂದರು. ಊರಿಗೆ ಒಂದು ಉಪದ್ರವ ತಗಲಿಕೊಂಡಿದೆ, ಅದಕ್ಕೆ ಅರ್ಜಿ ಹಾಕಬೇಕೆಂದಿದ್ದೇವೆ, ಹೇಗೆ ಬರೆಯಬೇಕೆಂದು ಹೇಳಿಕೊಡಬೇಕೆಂದು ಕೇಳಿದರು. ನನ್ನ ಜೀವನದಲ್ಲಿ ಅಂಥ ತೃಪ್ತಿಯನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಉಪದ್ರವ ಎಂಥದೆಂದು ವಿಚಾರಿಸಿದೆ.

"ದಿನಾ ಸಂಜಿಮುಂದ ಬರತೈತ್ರಿ" ಎಂದರು ಗೌಡರು. "ಸರಿಯಾಗಿ ಹಾಲ ಹಿಂಡೂ ಹೊತ್ತಿಗೆ. ಎಮ್ಮಿ ಹಾಲ ಇಳಸವಲ್ಲವು."

ತೋಳವಿರಬೇಕೆಂದು ನಾನು ಊಹಿಸಿದೆ. ಒಂದೇ ಇದೆಯೋ ಹಿಂಡು ಇದೆಯೋ ಎಂದು ಕೇಳಿದೆ. ಅರ್ಜಿಯಲ್ಲಿ ಸಂಖ್ಯೆ ಖಚಿತವಿರಬೇಕು.

"ಮುಖ್ಯ ಒಂದ್ರಿ. ಉಳಿದಾವು ಅದರ ಹಿಂದ ಬರತಾವು. ಪಾಪ, ಅವು ಚಲೋ ಅದಾವು."

ಮೂಲೆಯಲ್ಲಿದ್ದ ನಮ್ಮ ಇಬ್ಬರು ವಿದ್ಯಾರ್ಥಿಗಳು ಕೆಮ್ಮುತ್ತ ಹೊರಗೆ ಹೋದರು. ನಾನು ಅತ್ತ ಲಕ್ಷ್ಯ ಕೊಡದೆ ಹೇಳಿ ಬರೆಸಿದೆ: 'ಸದರಿ ಉಪದ್ರವವು ಪ್ರತಿದಿನ ಸಾಯಂಕಾಲ ಊರೊಳಗೆ ಪ್ರವೇಶಿಸಿ ಜನರಿಗೂ ದನಗಳಿಗೂ ಸಮಾನವಾಗಿ ಪೀಡೆ ಕೊಡುತ್ತಲಿದ್ದು, ಎದುರು ನಿಂತು ತಡೆಯುವ ಧೈರ್ಯ ಗ್ರಾಮಸ್ಥರಲ್ಲಿ ಯಾರಿಗೂ ಇಲ್ಲದ್ದರಿಂದ...' ವಾಕ್ಯ ನನಗೇ ಮೆಚ್ಚಿಗೆಯಾಯಿತು. ಉಪದ್ರವದ ಹೆಸರನ್ನು ಶುದ್ಧಪ್ರತಿಯಲ್ಲಿ ತಾವೇ ಹಾಕಿಕೊಳ್ಳುವುದಾಗಿ ಗೌಡರು ಹೇಳಿದರು. ಯಾರಿಗೆ ಕಳಿಸುವುದೆಂದು ಕೇಳಿದರು. ಅದನ್ನು ತೊಲಗಿಸುವ ಅಧಿಕಾರ ಯಾರಿಗಿದೆಯೋ ಅವರಿಗೆ ನೇರವಾಗಿ ಕಳಿಸಿರಿ, ನಡುವಿನವರನ್ನು ಆಶ್ರಯಿಸಬೇಡಿರಿ ಎಂದು ಉಪದೇಶಿಸಿದೆ.

ಹತ್ತನೆಯ ದಿನ ನಮ್ಮನ್ನು ಹೋಳಿಗೆಯ ಊಟ ಹಾಕಿ ಕಳಿಸಿಕೊಟ್ಟರು. ಹೆಣ್ಣುಮಕ್ಕಳು ಹುಡುಗರಿಗೆ ದಾರಿಗೆಂದು ರೊಟ್ಟಿಯ ಗಂಟು ಕಟ್ಟಿದರು. ನಾನು ಗೌಡರನ್ನು ಬದಿಗೆ ಕರೆದು ಪ್ರಿನ್ಸಿಪಾಲರಿಗೆ ಒಂದು ಪತ್ರ ಬೇಕಿತ್ತೆಂದು ತಿಳಿಸಿದೆ.

"ಮೂರು ದಿನಾ ಆತ್ರಿ ಟಪಾಲಿಗೆ ಹಾಕಿ" ಎಂದರು. "ನೀವು ಹೇಳಿದಂಗ, ನೇರ ಅವರಿಗೇ."

ಕೇಳದೆಯೇ ಕೊಟ್ಟ ಆ ಔದಾರ್ಯಕ್ಕೆ ನಾನು ಎರಡು ಸಲ ಕೈಮುಗಿದೆ.

ಕಾಲೇಜಿಗೆ ಮರಳಿದ ದಿನ ಪ್ರಿನ್ಸಿಪಾಲರು ಕರೆಸಿದರು. ಕಿಸೆಯ ಎರಡು ಪತ್ರಗಳನ್ನು ಮೇಜಿನ ಮೇಲಿಟ್ಟೆ. ಅವರು ಮೂರನೆಯದನ್ನು ನನ್ನ ಕಡೆಗೆ ಸರಿಸಿದರು. ಓದತೊಡಗಿದೆ. 'ತಮ್ಮ ಕಾಲೇಜಿನ ಮಾಸ್ತರರು ಪ್ರತಿದಿನ ಸಾಯಂಕಾಲ ಊರೊಳಗೆ ಪ್ರವೇಶಿಸಿ ಜನರಿಗೂ ದನಗಳಿಗೂ ಸಮಾನವಾಗಿ ಪೀಡೆ ಕೊಡುತ್ತಲಿದ್ದು...' ಅಲ್ಪವಿರಾಮಗಳು ಸಹ ನನ್ನವೇ. ಮನೆಗೆ ಬಂದ ಅತಿಥಿಗೆ ಹೋಗೆಂದು ಬಾಯಿಂದ ಹೇಳುವ ವಾಡಿಕೆ ತಮ್ಮಲ್ಲಿ ಇಲ್ಲವಾದ್ದರಿಂದ ಬರೆಯಬೇಕಾಯಿತೆಂದು ಗ್ರಾಮಸ್ಥರು ವಿಷಾದ ಸೂಚಿಸಿದ್ದರು. ಕೊನೆಗೆ ಪ್ರಾರ್ಥನೆ: ಹುಡುಗರನ್ನು ಇಲ್ಲಿಯೇ ಬಿಟ್ಟು ಮಾಸ್ತರರನ್ನು ಮಾತ್ರ ತಿರುಗಿ ಕರೆಸಿಕೊಳ್ಳಬೇಕು. ಅದರ ಕೆಳಗೆ ನಲವತ್ತಕ್ಕೂ ಮಿಕ್ಕಿ ಸಹಿಗಳಿದ್ದವು. ಕೆಲವು ಏರಿದ್ದವು, ಕೆಲವು ಇಳಿದಿದ್ದವು. ಒಂದು ಸಹಿ ಕಾಗದದ ಅಂಚಿಗೆ ಬಂದು, ಸ್ಥಳ ಸಾಲದೆ, ಬೆನ್ನಿಗೆ ಹೊರಳಿಕೊಂಡು ಮುಗಿದಿತ್ತು.

ನೌಕರಿ ಹೋಯಿತೆಂದು ನನಗೆ ತಿಳಿಯಿತು. ಕಾಗದವನ್ನು ಮಡಚಿ ಮರಳಿ ಇಟ್ಟೆ.

"ಇವರಿಗೆ ಸಹಿ ಮಾಡಾಕ ಮೊದಲ ಬರತಿತ್ತೇನು?"

ಇಲ್ಲ, ನಮ್ಮ ಹುಡುಗರು ಕಲಿಸಿದರು ಎಂದೆ.

"ಅರ್ಜಿ ಬರೆಯೂದು?"

ನಾನು ಕಲಿಸಿದೆ ಎಂದೆ. ಸತ್ಯವನ್ನು ಅಷ್ಟು ಕಡಿಮೆ ಶಬ್ದಗಳಲ್ಲಿ ನಾನು ಎಂದೂ ಹೇಳಿರಲಿಲ್ಲ.

ಅವರು ಕಪಾಟಿನಿಂದ ಇನ್ನೊಂದು ಕಾಗದ ತೆಗೆದರು. "ಇದು ಹ್ವಾದ ವರ್ಷ ಅದ ಊರಿಂದ ಬಂದದ್ದು. ಭಾಳ ಚಲೋ ಕೆಲಸ ಆತು ಅಂತ ಬರದಾರ. ಕೆಳಗ ಬರೇ ಹೆಬ್ಬಟ್ಟು. ಅಕ್ಷರ ನೋಡಿದ್ರ ಆಗ ನಾ ಕಳಿಸಿದ ಮಾಸ್ತರಂದ" ಎಂದು ಅದನ್ನು ಹರಿದು ಬುಟ್ಟಿಗೆ ಹಾಕಿದರು. ಬಳಿಕ ನನ್ನ ಕಾಯಂ ಆಜ್ಞೆಗೆ ಸಹಿ ಮಾಡಿ, ಮುಂದಿನ ಬೇಸಿಗೆಗೆ ಅದೇ ಊರಿಗೆ ಹೋಗಬೇಕೆಂದರು.

ಊರವರು ನನ್ನನ್ನು ತಿರುಗಿ ಕರೆಸಿಕೊಳ್ಳಬೇಕೆಂದು ಲಿಖಿತದಲ್ಲಿ ಕೊಟ್ಟಿದ್ದಾರಲ್ಲ ಎಂದು ಆ ಕಾಗದವನ್ನು ತೋರಿಸಿದೆ.

"ಹೋಗು" ಎಂದರು ಪ್ರಿನ್ಸಿಪಾಲರು. "ತ್ರಾಸ ಆದ್ರ ಬರೀತಾರ."